ಕುರುಗೋಡಿನ ಊಟದ ಪರೀಕ್ಷೆ

ಅವರು ತೀರಿಕೊಂಡ ದಿನ ಬೆಳಗಿನಿಂದ ಸಂಜೆಯವರೆಗೆ ನನ್ನ ಫೋನು ಸುಮ್ಮನಿರಲಿಲ್ಲ. ಜಪಾನಿನಿಂದ ಒಬ್ಬ, ಕೆನಡಾದಿಂದ ಇಬ್ಬರು, ಜರ್ಮನಿಯಿಂದ ಮೂರ್ನಾಲ್ಕು ಮಂದಿ, ಹಾಲೆಂಡಿನಿಂದ ಒಬ್ಬಳು. ಎಲ್ಲರೂ ನಮ್ಮ ಕಾಲೇಜಿನಲ್ಲಿ ಓದಿ, ವಿದ್ಯಾರ್ಥಿವೇತನ ಹಿಡಿದು ಹೊರದೇಶಕ್ಕೆ ಹೋದವರು. "ಮೇಡಂ, ಸರ್ ಸುದ್ದಿ ಖರೇ ಏನ್ರಿ?" ಅಂತ ಎಲ್ಲರದೂ ಒಂದೇ ಪ್ರಶ್ನೆ. ಗೋಡೆಯ ಭೂಪಟದ ಮೇಲೆ ಅವರು ಕೋಲಿನಿಂದ ಮುಟ್ಟಿ ತೋರಿಸಿದ ದೇಶಗಳೆಲ್ಲ ಅವತ್ತು ತಿರುಗಿ ಮಾತಾಡಿದ ಹಾಗಿತ್ತು.

ಆದರೆ ಬಳ್ಳಾರಿಯ ಗಾಂಧಿನಗರದ ಆ ಬಾಡಿಗೆ ಮನೆಯ ಮುಂದೆ ಹೆಗಲು ಕೊಡಲು ನಿಂತವರು ಮನೆ ಮಾಲೀಕರು, ಹಾಲಿನವನು, ನಮ್ಮ ಕಾಲೇಜಿನ ನಿವೃತ್ತ ಅಟೆಂಡರ್, ಮತ್ತೆ ಬೈಕು ನಿಲ್ಲಿಸಿ "ನಾನೂ ಒಂದು ಕೈ ಹಚ್ಚತೀನ್ರಿ" ಅಂದ ಯಾರೋ ಪುಣ್ಯಾತ್ಮ. ಮೇ ತಿಂಗಳ ಬಿಸಿಲು, ಗುಡ್ಡದ ಬಂಡೆಗಳು ಕಾದು ಊರಿಗೆಲ್ಲ ಶಾಖ ಊದುತ್ತಿದ್ದವು. ನಾನು ಬಾಗಿಲ ಪಕ್ಕ ನಿಂತು ಫೋನಿನ ಆ ಸಂದೇಶಗಳನ್ನು ಯಾರಿಗೆ ಓದಿ ಹೇಳಬೇಕೋ ತಿಳಿಯದೆ ಸೆರಗಿನಲ್ಲಿ ಮುಚ್ಚಿಟ್ಟುಕೊಂಡೆ.

ನಮ್ಮಜ್ಜಿ ಒಂದು ಮಾತು ಹೇಳುತ್ತಿದ್ದಳು. "ಮಣ್ಣಿಗೆ ಬಂದೋರನ್ನ ನೋಡಿ ಮನಷಾನ ಅಳತಿ ಮಾಡಬ್ಯಾಡ್ರವ್ವ, ಬರಾಕ ಆಗದ ಅತ್ತೋರನ್ನ ನೋಡಿ ಮಾಡ್ರಿ." ಅವತ್ತು ಆ ಮಾತಿನಿಂದಲೇ ನನಗೆ ನಾನು ಸಮಾಧಾನ ಹೇಳಿಕೊಂಡೆ.

ಅವರು ಭೂಗೋಳದ ಮೇಷ್ಟ್ರು, ನಾನು ಕನ್ನಡ ವಿಭಾಗದವಳು. ಕಾಲೇಜಿನಲ್ಲಿ ಹೊರದೇಶದ ಓದು, ವಿನಿಮಯ ಇಂಟರ್ನ್‌ಶಿಪ್ಪು, ವಿದ್ಯಾರ್ಥಿವೇತನ ಅಂತ ಒಂದು ಘಟಕ ತೆರೆಯಬೇಕೆಂದು ಆದೇಶ ಬಂದಾಗ ಪ್ರಿನ್ಸಿಪಾಲರು ಸ್ಟಾಫ್ ಮೀಟಿಂಗಿನಲ್ಲಿ ಸುತ್ತ ಕಣ್ಣಾಡಿಸಿದರು. ಎಲ್ಲರೂ ತಲೆ ಬಗ್ಗಿಸಿದೆವು. ಅವರು ಅದೇ ಹೊತ್ತಿಗೆ ಕನ್ನಡಕ ಒರೆಸಲು ತಲೆ ಎತ್ತಿದ್ದರು, ಸಿಕ್ಕಿಬಿದ್ದರು. ಮೆಟ್ಟಿಲ ಕೆಳಗೆ ಕ್ರೀಡಾ ವಿಭಾಗದ ಹರಿದ ನೆಟ್ಟು, ಹಳೆಯ ಭೂಪಟ ಇಟ್ಟಿದ್ದ ಕೋಣೆ ಖಾಲಿ ಮಾಡಿಸಿ ಕೊಟ್ಟರು. ಒಂದು ಮೇಜು, ಎದುರುಬದುರು ಎರಡು ಕುರ್ಚಿ. ನೆಟ್ಟು ಹೋಯಿತು, ಭೂಪಟ ಉಳಿಯಿತು.

ಒಬ್ಬ ಹುಡುಗ ಮೊದಲ ದಿನವೇ ಕೇಳಿದನಂತೆ: "ಸರ, ನೀವು ಎಲ್ಲೀತನ ಹೋಗಿ ಬಂದೀರಿ?"

"ಗುಂತಕಲ್ಲು ತನ," ಅಂದರಂತೆ ಇವರು. "ಅಲ್ಲಿ ಗಾಡಿ ಬದ್ಲಿ ಮಾಡ್ತಾರ. ನಾನು ಬದ್ಲಿ ಮಾಡ್ಲಿಲ್ಲ, ತಿರುಗಿ ಬಂದೆ."

ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಬೇಸಿಗೆ ಇರಲಿ ಚಳಿ ಇರಲಿ ತುಂಬು ತೋಳಿನ ಅಂಗಿ, ಕೊರಳ ಸುತ್ತ ಒದ್ದೆ ಕರವಸ್ತ್ರ. ತರಗತಿಯಲ್ಲಿ ನೂರು ಹುಡುಗರ ಮುಂದೆ ಮಾರುತಗಳನ್ನೆಲ್ಲ ಕೈಯಲ್ಲಿ ಬೀಸಿ ತೋರಿಸುತ್ತಿದ್ದ ಮನುಷ್ಯ, ಕಾರಿಡಾರಿನಲ್ಲಿ ಒಬ್ಬರೇ ಎದುರಾದರೆ ಗೋಡೆಗೆ ಅಂಟಿ ದಾರಿ ಬಿಡುತ್ತಿದ್ದರು. ಒಮ್ಮೆ ನಾನೇ ಕೇಳಿದೆ, ಯಾಕ್ರಿ ಹಿಂಗ ಅಂತ. "ನೂರು ಮಂದಿ ಕೂಡ ಮಾತಾಡೋದು ಸಸಾರ್ರಿ ಮೇಡಂ. ಒಬ್ಬರ ಕೂಡ ಮಾತಾಡೋದೈತಲ್ರಿ, ಅದು ಕಷ್ಟ," ಅಂದರು. ಅಷ್ಟು ಹೇಳುವುದಕ್ಕೂ ಕನ್ನಡಕ ತೆಗೆದು ಎರಡು ಸಲ ಒರೆಸಿದರು.

ಮದುವೆಯಾಗಿರಲಿಲ್ಲ. ತಾಯಿ ಇರುವ ತನಕ ತಾಯಿ ಮಗ ಇಬ್ಬರೇ. ಆಕೆ ತಾನು ಉಂಡಿದ್ದರೂ ಮಗ ಉಣ್ಣುವಾಗ ಎದುರಿಗೆ ಕೂಡುತ್ತಿದ್ದಳಂತೆ, ಕೈಯಲ್ಲಿ ಬೀಸಣಿಗೆ ಹಿಡಿದು. ಆಕೆ ಹೋದ ಮೇಲೆ ಈ ಮನುಷ್ಯನಿಗೆ ಒಬ್ಬರೇ ಕೂತು ಉಣ್ಣುವುದು ಆಗದಾಯಿತು. ಇದು ಕಾಲೇಜಿಗೆಲ್ಲ ಗೊತ್ತಿದ್ದ ಸಂಗತಿ. ಮಧ್ಯಾಹ್ನ ಡಬ್ಬಿ ಬಿಚ್ಚಿ, ಒಂದು ರೊಟ್ಟಿ ತಿಂದು, ಉಳಿದದ್ದನ್ನು ಹಾಗೇ ಸುತ್ತಿಡುತ್ತಿದ್ದರು. ಗಂಡಸರ ಸ್ಟಾಫ್ ರೂಮಿನವರು ಮೂಲೆಯ ಹೋಟೆಲಿಗೆ ಒಗ್ಗರಣೆ ಮಿರ್ಚಿ ತಿನ್ನಲು ಹೋಗುವವರು, ಅಲ್ಲಿನ ಗದ್ದಲ ಇವರಿಗೆ ಒಗ್ಗದು. ಹೆಂಗಸರು ನಾವು ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಕೂಡುತ್ತಿದ್ದೆವು. ಒಂದು ದಿನ ನಾವೆಲ್ಲ ಒತ್ತಾಯ ಮಾಡಿ ಕರೆದೆವು. ಬಂದರು. ಬಾಗಿಲ ಹತ್ತಿರದ ಸ್ಟೂಲಿನ ತುದಿಯಲ್ಲಿ, ಬಸ್ಸಿಗೆ ಹೊತ್ತಾದವರ ಹಾಗೆ ಕೂತು, ಎರಡು ತುತ್ತಿಗೆ ಕೈ ತೊಳೆದರು. ಮರುದಿನ ಕರೆದರೆ, "ಬೆಳಿಗ್ಗೆನ ಉಂಡು ಬಂದೀನ್ರಿ ಮೇಡಂ," ಅಂದರು. ಆಮೇಲೆ ನಾವೂ ಕಾಡಲಿಲ್ಲ.

ಇಂಥವರ ಕೈಯಲ್ಲಿ ಹುಡುಗರನ್ನು ಹೊರದೇಶಕ್ಕೆ ಕಳಿಸುವ ಕೆಲಸ.

ಮೊದಮೊದಲು ಕಳಿಸಿದವರಲ್ಲಿ ಕೌಲ್ ಬಜಾರಿನ ಒಬ್ಬ ಜಾಣ ಹುಡುಗನಿದ್ದ. ಪೂರ್ತಿ ವಿದ್ಯಾರ್ಥಿವೇತನ, ಎರಡು ವರ್ಷದ ಓದು. ಊರಿಗೆ ಊರೇ ಹಾರ ಹಾಕಿ ಕಳಿಸಿತು. ಮೊದಲ ಚಳಿಗಾಲಕ್ಕೇ ತಿರುಗಿ ಬಂದುಬಿಟ್ಟ. ಎಲ್ಲರೂ ಇಂಗ್ಲಿಷು ಸಾಲದಾಯಿತು ಅಂದರು, ಚಳಿ ತಡೆಯಲಿಲ್ಲ ಅಂದರು. ಇವರು ಅವನ ಮನೆಗೇ ಹೋಗಿ ಕೇಳಿದರಂತೆ. ಅವನು ಹೇಳಿದ್ದು ಇಷ್ಟು:

"ಪಾಠ ತಿಳೀತಿತ್ರಿ ಸರ. ಚಳಿನೂ ತಡಕೊಂಡೆ. ದಿನಾ ತಾಟು ಹಿಡ್ಕೊಂಡು ಕುಂತ್ರ ಎದುರಿಗೆ ಗ್ವಾಡಿ. ಆ ಗ್ವಾಡಿ ನೋಡ್ಕೋತ ಉಣ್ಣಾಕ ಆಗ್ಲಿಲ್ಲ."

ಆ ಗೋಡೆ ಇವರಿಗೂ ಗೊತ್ತಿದ್ದ ಗೋಡೆಯೇ. ಆ ಮಾತು ಇವರನ್ನು ಬಿಡಲಿಲ್ಲ. ಅರ್ಜಿ ತುಂಬಿಸುವುದು, ಸಂದರ್ಶನಕ್ಕೆ ತಯಾರು ಮಾಡುವುದು ಎಲ್ಲ ಕಾಲೇಜುಗಳಲ್ಲೂ ಇರುತ್ತದೆ. ನಮ್ಮಲ್ಲಿ ಅದರ ಮೇಲೆ ಇನ್ನೊಂದು ಪರೀಕ್ಷೆ ಶುರುವಾಯಿತು. ಹುಡುಗರು ಅದಕ್ಕೆ 'ಊಟದ ವೈವಾ' ಅಂತ ಹೆಸರಿಟ್ಟರು.

ಶನಿವಾರ ಅರ್ಧ ದಿನ ಮುಗಿಸಿ ಹುಡುಗನನ್ನೋ ಹುಡುಗಿಯನ್ನೋ ಕುರುಗೋಡಿನ ಬಸ್ಸಿಗೆ ಹತ್ತಿಸಿಕೊಂಡು ಹೋಗುತ್ತಿದ್ದರು. ಕುರುಗೋಡೇ ಯಾಕೆ ಅಂದರೆ, ಬಳ್ಳಾರಿಯಲ್ಲಿ ಎಲ್ಲಿ ಕೂತರೂ ಯಾರೋ ಮಾವನೋ ಕಾಕನೋ ಸಿಗುತ್ತಾನೆ. ಸಿರುಗುಪ್ಪದಲ್ಲಿ ಕೇಳುವುದೇ ಬೇಡ, ಅರ್ಧ ಹುಡುಗರು ಆ ಕಡೆಯವರೇ. ಕುರುಗೋಡಿನ ಬಸ್ ನಿಲ್ದಾಣದ ಹತ್ತಿರ ಒಬ್ಬ ಅಕ್ಕ ನಡೆಸುವ ಖಾನಾವಳಿ ಇತ್ತು. ಅಲ್ಲಿ ಹೋಗಿ ಒಬ್ಬರೇ ಒಂದು ಮೇಜು ಹಿಡಿದು, ನಿಧಾನಕ್ಕೆ, ಪೂರ್ತಿ ಊಟ ಮಾಡಬೇಕು. ಫೋನು ಸರ್ ಕೈಯಲ್ಲಿ. ಪೇಪರು ಓದುವ ಹಾಗಿಲ್ಲ, ಯಾರ ಜೊತೆಗೂ ಮಾತಿಲ್ಲ. ಮತ್ತೆ ಒಂದು ಮುಖ್ಯ ನಿಯಮ. ಎದುರಿನ ಕುರ್ಚಿಯ ಮೇಲೆ ಬ್ಯಾಗು ಇಡಬಾರದು.

"ಬ್ಯಾಗ್ ಇಟ್ಟು ಮುಚ್ಚಬ್ಯಾಡ್ರಿ. ಖಾಲಿ ಬಿಡ್ರಿ. ಖಾಲಿ ಐತಿ ಅನ್ನೋದು ಕಣ್ಣಿಗೆ ಕಾಣಬೇಕು. ಅದನ್ನ ನೋಡ್ಕೋತ ಉಣ್ಣಾಕ ಬಂತಂದ್ರ ನೀವು ಎಲ್ಲಿಗೆ ಬೇಕಲ್ಲಿ ಹೋಗ್ರಿ."

ಅಷ್ಟು ಹೊತ್ತು ತಾವು ದೊಡ್ಡ ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಉಣ್ಣುತ್ತಿರಲಿಲ್ಲ. ಅಷ್ಟು ದೊಡ್ಡ ಬಸವಣ್ಣ ಒಬ್ಬನೇ ಕೂತಿದ್ದಾನಲ್ಲ, ಅವನಿಗೆ ಜೊತೆ ಅಂತ ಕೂಡುತ್ತಿದ್ದರೇನೋ.

ಹುಡುಗರು ಬಿಟ್ಟಾರೆಯೇ. ಒಬ್ಬ ಎರಡನೇ ಫೋನು ಬಚ್ಚಿಟ್ಟುಕೊಂಡು, ಕಿವಿಗೆ ತಂತಿ ಸಿಗಿಸಿಕೊಂಡು ಊಟ ಮುಗಿಯುವ ತನಕ ತಾಯಿಯ ಬೈಗುಳ ಕೇಳುತ್ತ ಉಂಡ. ಇನ್ನೊಬ್ಬ ಅನ್ನಕ್ಕೆ ಸಾರು ಕಲಸುವಾಗ ಗಳಗಳ ಅತ್ತುಬಿಟ್ಟ, ಆಮೇಲೆ "ಖಾರ ಭಾಳ ಇತ್ರಿ ಸರ" ಅಂದ. ಅವನನ್ನು ಮೂರು ಶನಿವಾರ ಕರೆದುಕೊಂಡು ಹೋದರು, ಮೂರನೇ ಸಲ ಪಾಸಾದ. ಈಗ ಜಪಾನಿನಲ್ಲಿದ್ದಾನಲ್ಲ, ಅವನೇ.

ನಾವು ಸ್ಟಾಫಿನವರು ನಗುತ್ತಿದ್ದೆವು. ಆದರೆ ಆಮೇಲೆ ಕಳಿಸಿದವರಲ್ಲಿ ಯಾರೂ ನಡುವೆ ತಿರುಗಿ ಬರಲಿಲ್ಲ ಅನ್ನುವುದೂ ಖರೆ.

ಆ ಹುಡುಗಿ ಬಂದದ್ದು ಅವರ ನಿವೃತ್ತಿಗೆ ಇನ್ನು ಮೂರು ವರ್ಷ ಇದ್ದಾಗ. ಸಿರುಗುಪ್ಪ ತಾಲೂಕಿನ ಹಚ್ಚೊಳ್ಳಿಯವಳು, ದಿನಾ ಬಸ್ಸಿನಲ್ಲಿ ಓಡಾಡುವವಳು. ಅಪ್ಪ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವವನು, ಮನೆಯಲ್ಲಿ ಟ್ರ್ಯಾಕ್ಟರಿತ್ತು, ತುಂಬಿದ ಕುಟುಂಬ. ನೀರು ನಿಂತು ನಿಂತು ಆ ಕಡೆ ಹೊಲ ಸವಳಾಗುತ್ತವೆ. ಅವಳಿಗೆ ಚಿಕ್ಕಂದಿನಿಂದ ಆ ಬಿಳಿ ಉಪ್ಪಿನ ಪದರದ ಮೇಲೇ ಕಣ್ಣು. ಮಣ್ಣಿನ ಬಗ್ಗೆ ಓದಬೇಕು, ಹೊರದೇಶದಲ್ಲಿ ಸವಳು ಭೂಮಿಗೆ ಏನು ಮಾಡುತ್ತಾರೆ ನೋಡಬೇಕು ಅಂತ ಇವರ ಕೋಣೆಗೆ ಬಂದಳು. ಬಂದದ್ದು ಮಧ್ಯಾಹ್ನದ ಹೊತ್ತು. ಇವರು ಡಬ್ಬಿ ಬಿಚ್ಚಿ ಒಂದು ರೊಟ್ಟಿಯ ಮುಂದೆ ಕೂತಿದ್ದರು.

"ಸರ, ನೀವೊಬ್ರ ಉಣ್ತೀರೇನ್ರಿ?" ಅಂದಳಂತೆ. ಉತ್ತರಕ್ಕೆ ಕಾಯಲಿಲ್ಲ. ಎದುರಿನ ಕುರ್ಚಿ ಎಳೆದು ತನ್ನ ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ. ಅವತ್ತಿನಿಂದ ಅದೇ ರೂಢಿಯಾಯಿತು. ಆಕೆಯ ತಾಯಿ ಬುತ್ತಿಯಲ್ಲಿ ಸರ್ ಪಾಲಿನ ರೊಟ್ಟಿಯನ್ನೂ ಇಟ್ಟು ಕಳಿಸತೊಡಗಿದಳು. ಒಂದು ಮಧ್ಯಾಹ್ನ ನಾನು ಆ ದಾರಿಯಲ್ಲಿ ಹೋಗುತ್ತಿದ್ದೆ, ಒಳಗಿನಿಂದ ಮಾತು ಕೇಳಿಸಿತು.

"ಇನ್ನೊಂದು ಹಾಕ್ಕೊಳ್ರಿ ಸರ."

"ಸಾಕವ್ವ, ಎರಡಾತು."

"ಎರಡ್ ಉಣ್ಣೋರು ದವಾಖಾನ್ಯಾಗ ಇರ್ತಾರ. ಸಾಲಿ ಕಲಿಸೋರಿಗೆ ಮೂರು ಬೇಕ್ರಿ."

ಒಳಗಿಂದ ಬಾಯಿಗೆ ಕೈ ಅಡ್ಡ ಹಿಡಿದ ಆ ನಗು. ಎರಡು ವರ್ಷ ಅವರು ದಿನಾ ಮೂರು ರೊಟ್ಟಿ ಉಂಡರು. ಗಲ್ಲ ತುಂಬಿದವು. ಕಾರಿಡಾರಿನಲ್ಲಿ ಎದುರಾದರೆ, "ಊಟಾತೇನ್ರಿ ಮೇಡಂ?" ಅಂತ ತಾವಾಗೇ ಕೇಳುವಷ್ಟು ಧೈರ್ಯ ಬಂತು. ನಮ್ಮಜ್ಜಿ ಇದ್ದಿದ್ದರೆ, "ಒಬ್ಬರ ಉಂಡದ್ದು ಹೊಟ್ಟಿಗೆ, ಇಬ್ಬರು ಉಂಡದ್ದು ಮೈಗೆ" ಅಂದಿರುತ್ತಿದ್ದಳು.

ಆ ಹುಡುಗಿಗೆ ಹಾಲೆಂಡಿನ ಒಂದು ವಿಶ್ವವಿದ್ಯಾಲಯದ ಮಣ್ಣಿನ ಪ್ರಯೋಗಾಲಯದಲ್ಲಿ ವಿನಿಮಯ ಇಂಟರ್ನ್‌ಶಿಪ್ಪು ಸಿಕ್ಕಿತು. ಚೆನ್ನಾಗಿ ಮಾಡಿದರೆ ಅಲ್ಲೇ ಮುಂದಿನ ಓದಿಗೆ ವಿದ್ಯಾರ್ಥಿವೇತನ. ಸಿಗುವ ಹಾಗೆ ಮಾಡಿದವರು ಇವರೇ. ಅವಳಿಗಿಂತ ಹೆಚ್ಚು ಅರ್ಜಿಯ ಕರಡು ತಿದ್ದಿದವರು, ಪ್ರಯೋಗಾಲಯದವರ ಹಾಗೆ ಗಂಭೀರ ಮುಖ ಮಾಡಿ ಪ್ರಶ್ನೆ ಕೇಳಿದವರು. ಅವಳು ಹೋದರೆ ತಮ್ಮ ಎದುರಿನ ಕುರ್ಚಿ ಮತ್ತೆ ಖಾಲಿ ಅನ್ನುವುದು ಅವರಿಗೆ ಗೊತ್ತಿರಲಿಲ್ಲವೆ? ನಮಗೇ ಗೊತ್ತಿತ್ತು.

ಸುದ್ದಿ ತಿಳಿದ ವಾರವೇ ಅವಳ ಅಪ್ಪ ಕಾಲೇಜಿಗೆ ಬಂದ. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು. ನಾನೂ ಆಗ ಅಲ್ಲೇ ಇದ್ದೆ. ಅವನು ಹಣ ಕೇಳಲಿಲ್ಲ, ಅಲ್ಲಿ ಹೆಣ್ಣುಮಕ್ಕಳಿಗೆ ಹೇಗೆ ಅಂತ ಕೇಳಲಿಲ್ಲ. ಭೂಪಟದಲ್ಲಿ ಹಾಲೆಂಡ್ ತೋರಿಸಿ ಅಂದ. ಇವರು ಕೋಲಿನಿಂದ ಮುಟ್ಟಿದರು.

"ಇಷ್ಟ ಐತಲ್ರಿ, ಉಗುರಿನಷ್ಟು."

"ಹೌದ್ರಿ. ಸಮುದ್ರದ ಕಡಿಂದ ಕಸ್ಕೊಂಡ ನೆಲ."

"ಇರ್ಲಿ ಬಿಡ್ರಿ. ನಂದೊಂದ ಮಾತೈತಿ. ನಮ್ಮನ್ಯಾಗ ಹದಿನಾಲ್ಕು ಮಂದಿ ಒಮ್ಮೆ ಕುಂತು ಉಣ್ತೀವಿ. ಈಕಿ ಹುಟ್ಟಿದಾಗಿಂದ ಒಬ್ಬಾಕಿನ ಉಂಡಿಲ್ಲ. ಅಲ್ಲಿ ಈಕಿ ಕೂಡ ಉಣ್ಣಾಕ ಯಾರದಾರ್ರಿ?"

ಇವರು ಕನ್ನಡಕ ತೆಗೆದರು, ಒರೆಸಿದರು. "ನಾನು ನಿಮ್ಮೂರಿಗೆ ಬಂದು ಹೇಳ್ತೀನ್ರಿ," ಅಂದರು ಕೊನೆಗೆ. ಅಪ್ಪ ಹೇಳಿದ, "ಬರ್ರಿ. ನೀವು ಹೇಳಿದ ಮ್ಯಾಲ ಕಳಸ್ತೀನಿ, ಇಲ್ಲಂದ್ರ ಇಲ್ಲ."

ಈಗ ಎಲ್ಲ ಭಾರ ಆ ಊಟದ ಪರೀಕ್ಷೆಯ ಮೇಲೆ ಬಿತ್ತು.

ಮೊದಲ ಶನಿವಾರ. ಹುಡುಗಿಯನ್ನು ಖಾನಾವಳಿಗೆ ಕಳಿಸಿ ಇವರು ಗುಡಿಯ ಕಟ್ಟೆಯ ಮೇಲೆ ಕೂತರು. ಹೊತ್ತು ಕಳೆದು ಹೋಗಿ ನೋಡಿದರೆ, ಅವಳ ಎದುರಿಗೆ ಹಸಿಮೆಣಸಿನಕಾಯಿ ಬುಟ್ಟಿ ಇಳಿಸಿದ ಮುದುಕಿಯೊಬ್ಬಳು ಹಾಯಾಗಿ ಉಣ್ಣುತ್ತಿದ್ದಾಳೆ. ಫೇಲು.

ಎರಡನೇ ಶನಿವಾರ ಆದೋನಿಯ ಕಡೆಯ ಲಾರಿ ಡ್ರೈವರು. ಅವನ ಜೊತೆ ತೆಲುಗಿನಲ್ಲಿ ಅವನ ಮಗಳ ಹತ್ತನೇ ಕ್ಲಾಸಿನ ಗಣಿತದ ಕಷ್ಟ ಮಾತಾಡುತ್ತಿದ್ದಳು. "ನೇನು ಚೆಪ್ತಾನು, ಫೋನ್ ಚೆಯ್ಯಮನಂಡಿ," ನಾನು ಹೇಳಿಕೊಡುತ್ತೇನೆ, ಫೋನ್ ಮಾಡಲು ಹೇಳಿ ಅಂತ ಧೈರ್ಯ ಬೇರೆ ಹೇಳುತ್ತಿದ್ದಳಂತೆ. ಮತ್ತೆ ಫೇಲು.

ಮೂರನೇ ಶನಿವಾರ ಇವರು ಹಠಕ್ಕೆ ಬಿದ್ದು, ಖಾನಾವಳಿಯ ಅಕ್ಕನಿಗೆ ಮೊದಲೇ ಹೇಳಿಟ್ಟರು, ಆ ಮೇಜಿಗೆ ಯಾರನ್ನೂ ಬಿಡಬೇಡಿ ಅಂತ. ಅಕ್ಕ ಬಿಡಲಿಲ್ಲ. ಬಂದು ನೋಡಿದರೆ ಮೇಜೂ ಖಾಲಿ, ಎರಡೂ ಕುರ್ಚಿ ಖಾಲಿ. ಹುಡುಗಿ ಒಳಗೆ ಒಲೆಯ ಮುಂದೆ ಅಕ್ಕನ ಪಕ್ಕ ಕೂತು ರೊಟ್ಟಿ ಬಡಿಯುತ್ತಿದ್ದಾಳೆ, ಬಡಿದದ್ದನ್ನು ಬಿಸಿಬಿಸಿ ಇಬ್ಬರೂ ಮುರಿದು ತಿನ್ನುತ್ತಿದ್ದಾರೆ.

ಬಸ್ ನಿಲ್ದಾಣದಲ್ಲಿ ಅವರಿಗೆ ಸಿಟ್ಟು ಬಂತಂತೆ. ಅವರಿಗೆ ಸಿಟ್ಟು ಬಂದದ್ದನ್ನು ನಾವ್ಯಾರೂ ನೋಡಿಲ್ಲ, ಅದಕ್ಕೇ ಹುಡುಗಿ ಅದನ್ನು ಬಲು ಅಭಿಮಾನದಿಂದ ಹೇಳುತ್ತಾಳೆ.

"ನಿನಗ ಒಂದ್ ಸಲಾರ ಸುಮ್ಮ ಕುಂತು ಉಣ್ಣಾಕ ಬರೂದಿಲ್ಲೇನವ್ವ? ನಿಮ್ಮಪ್ಪಗ ನಾನೇನು ಹೇಳ್ಲಿ?"

"ಸರ, ನೀವ ಹೇಳಿದ್ರಿ ಎದುರಿನ ಕುರ್ಚಿ ಖಾಲಿ ಬಿಡು ಅಂತ. ಬಿಟ್ಟೆ. ಖಾಲಿ ಕುರ್ಚಿ ಕಂಡ್ರ ಯಾರರ ಬಂದು ಕುಂದ್ರತಾರಲ್ರಿ. ಬ್ಯಾಡ ಅನ್ನಾಕ ಬರ್ತೈತೇನ್ರಿ?"

ಸೋಮವಾರ ಇವರು ನನ್ನ ತರಗತಿ ಮುಗಿಯುವುದನ್ನು ಕಾದು ನಿಂತಿದ್ದರು. ಹಾಗೆ ಅವರು ಎಂದೂ ನಿಂತವರಲ್ಲ.

"ಮೇಡಂ, ನಾನು ಇಷ್ಟು ವರ್ಷ ಪರೀಕ್ಷಿನ ತಪ್ಪು ಇಟ್ಟಿದ್ದೆ ಅನಸ್ತದ್ರಿ."

"ಯಾಕ್ರಿ, ಯಾರೂ ತಿರುಗಿ ಬಂದಿಲ್ಲಲ್ರಿ?"

"ಬಂದಿಲ್ಲ, ಖರೆ. ಆದ್ರ ಗ್ವಾಡಿ ನೋಡ್ಕೋತ ಉಣ್ಣೋದು ಕಲಿಸಿ ಕಳಿಸೀನಿ ಎಲ್ಲಾರನ್ನ. ಎದುರಿಗೆ ಒಬ್ಬರನ್ನ ಕುಂದ್ರಿಸ್ಕೊಳ್ಳೋದು ಕಲಿಸಬೇಕಿತ್ತು." ಕನ್ನಡಕ ತೆಗೆದರು. "ಕಲಿಸಾಕ ಮೊದ್ಲು ನನಗ ಬರಬೇಕಲ್ರಿ."

ಮುಂದಿನ ಭಾನುವಾರ ಹಚ್ಚೊಳ್ಳಿಗೆ ಹೊರಟರು. ಒಬ್ಬರೇ ಹೋಗಲು ಸಂಕೋಚ, ನನ್ನನ್ನೂ ಕರೆದರು. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಬಸ್ಸು, ದಾರಿಯುದ್ದಕ್ಕೂ ಅಕ್ಕಿ ಗಿರಣಿಗಳ ಹೊಟ್ಟಿನ ಧೂಳು. ಸಿರುಗುಪ್ಪಕ್ಕೆ ಹುಡುಗಿಯ ಅಪ್ಪನೇ ಟ್ರ್ಯಾಕ್ಟರು ತಂದಿದ್ದ. ಟ್ರೈಲರಿನಲ್ಲಿ ಒಂದು ಜಮಖಾನೆ ಹಾಸಿ ನಮ್ಮಿಬ್ಬರನ್ನು ಕೂಡಿಸಿ ಕಾಲುವೆಯ ಗುಂಟ ಕರೆದುಕೊಂಡು ಹೋದ. ಈ ಮನುಷ್ಯ ಒಂದು ಕೈಯಲ್ಲಿ ಟ್ರೈಲರಿನ ಅಂಚು, ಇನ್ನೊಂದರಲ್ಲಿ ಕರವಸ್ತ್ರ ಹಿಡಿದು ಕೂತಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. ದಾರಿಯುದ್ದಕ್ಕೂ ತುಟಿ ಅಲುಗಾಡುತ್ತಿತ್ತು, ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡುತ್ತಿದ್ದರು.

ಊಟಕ್ಕೆ ಸಾಲು ಹಾಕಿದರು. ಆ ಮನೆಯ ಹದಿನಾಲ್ಕು ಮಂದಿಯ ನಡುವೆ ಇವರ ತಾಟು. ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗುವಷ್ಟು ಒತ್ತಾಗಿ ಕೂತಿದ್ದರು. ಅವಳ ಅಜ್ಜಿ ಬಾಗಿಲಲ್ಲಿ ಕೂತು ನೋಡುತ್ತಿದ್ದಳು. "ಮಾಸ್ತರ, ನಾಚಬ್ಯಾಡ್ರಿ. ಇಲ್ಲಿ ನಾಚಿದವರಿಗೆ ಬೆಣ್ಣಿ ಸಿಗೂದಿಲ್ಲ," ಅಂದಳು. ಎಲ್ಲರೂ ನಕ್ಕರು, ಇವರೂ.

ಊಟ ಮುಗಿದ ಮೇಲೆ ಅಪ್ಪ ಕೇಳಿದ, "ಹೇಳ್ರಿ ಮತ್ತ."

"ಅಲ್ಲಿ ಯಾರದಾರ ಅನ್ನೋದು ನನಗ ಗೊತ್ತಿಲ್ರಿ," ಅಂದರು ಇವರು. ಬಾಯಿಪಾಠ ಮಾಡಿದ್ದೆಲ್ಲ ಮರೆತಿತ್ತು ಅನಿಸುತ್ತದೆ. "ಒಂದ್ ಗೊತ್ತೈತಿ. ನಿಮ್ಮ ಮಗಳ ಎದುರಿನ ಕುರ್ಚಿ ಎಲ್ಲಿ ಹೋದ್ರೂ ಖಾಲಿ ಉಳಿಯೂದಿಲ್ಲ. ಮೂರು ಸಲ ನೋಡೀನಿ."

ಅಪ್ಪ ಬಹಳ ಹೊತ್ತು ಟವೆಲಿನಲ್ಲಿ ಕೈ ಒರೆಸಿಕೊಂಡ. "ಆತು ಬಿಡ್ರಿ, ಹೋಗಿ ಬರ್ಲಿ," ಅಂದ. ಆಮೇಲೆ ಅದೇ ದನಿಯಲ್ಲಿ ಕೇಳಿದ: "ಈಕಿ ಹೋದ್ರ ನಿಮ್ಮ ಕೂಡ ಯಾರು ಉಣ್ತಾರ್ರಿ?"

ಇವರು ಬಾಯಿಗೆ ಕೈ ಅಡ್ಡ ಹಿಡಿದರು. ನಗು ಬರಲಿಲ್ಲ, ಕೈ ಮಾತ್ರ ಅಲ್ಲೇ ಉಳಿಯಿತು.

ಹುಡುಗಿ ಹೋದಳು. ಹೋಗುವ ಹಿಂದಿನ ದಿನವೂ ಆ ಕೋಣೆಯಲ್ಲಿ ಬುತ್ತಿ ಬಿಚ್ಚಿದಳು, ಮೂರು ರೊಟ್ಟಿ ಹಾಕಿದಳು. "ದಿನಾ ಮೂರು ಉಣ್ಣಬೇಕ್ರಿ ಸರ, ನಾನು ಫೋನ್ ಮಾಡಿ ಕೇಳಾಕಿ," ಅಂತ ತಾಕೀತು ಮಾಡಿದಳು. ಕೇಳುತ್ತಲೂ ಇದ್ದಳು, ಮುಂದೆ ವಿದ್ಯಾರ್ಥಿವೇತನ ಸಿಕ್ಕು ಅಲ್ಲೇ ಓದಿಗೆ ಉಳಿದ ಮೇಲೂ. ಇವರು, "ಹ್ಞೂಂ ಮೂರ ಉಂಡೆ," ಅನ್ನುತ್ತಿದ್ದರು. ಅಟೆಂಡರ್ ನನಗೆ ಹೇಳಿದ, "ಒಂದ ಮೇಡಂ. ಒಂದೂ ಪೂರ್ತಿ ಅಲ್ಲ." ಆ ವರ್ಷ ಮುಗಿಯುವುದರೊಳಗೆ ಅವರ ನಿವೃತ್ತಿಯಾಯಿತು. ಶಾಲು, ಹಾರ, ಫೋಟೋ. ಕೋಣೆಯ ಬೀಗದ ಕೈ ಕೊಡುವ ಮೊದಲು ಎದುರಿನ ಕುರ್ಚಿಯ ಧೂಳನ್ನು ಕರವಸ್ತ್ರದಿಂದ ಒರೆಸಿದರು. ತಮ್ಮ ಕುರ್ಚಿಯದನ್ನು ಒರೆಸಲಿಲ್ಲ.

ಆಮೇಲೆ ಕಂಡದ್ದು ಕಡಿಮೆ. ಒಮ್ಮೆ ಬಸ್ ನಿಲ್ದಾಣದಲ್ಲಿ ಸಿಕ್ಕರು, ಶನಿವಾರ. ಎಲ್ಲಿಗ್ರಿ ಅಂದೆ. "ಹಿಂಗ, ಕುರುಗೋಡಿಗೆ," ಅಂದರು. ಯಾವ ವಿದ್ಯಾರ್ಥಿಯೂ ಜೊತೆಗಿರಲಿಲ್ಲ. ಬಸವಣ್ಣನಿಗೆ ಹರಕೆ ಇರಬೇಕು ಅಂದುಕೊಂಡೆ.

ಅವರು ಹೋಗಿ ಒಂದು ತಿಂಗಳಾದ ಮೇಲೆ ನಮ್ಮ ಸಂಬಂಧಿಕರ ಮನೆಯ ಗೃಹಪ್ರವೇಶಕ್ಕೆ ಕುರುಗೋಡಿಗೆ ಹೋದೆ. ತಿರುಗಿ ಬರುವಾಗ ಬಸ್ಸಿಗೆ ಹೊತ್ತಿತ್ತು. ಆ ಖಾನಾವಳಿ ಕಂಡಿತು. ಹಸಿವಿರಲಿಲ್ಲ, ಆದರೂ ಒಳಗೆ ಹೋಗಿ ಒಂದು ಮಜ್ಜಿಗೆ ಹೇಳಿ ಕೂತೆ. ಅಕ್ಕನಿಗೆ ನಾನು ಯಾರು ಅಂತ ಹೇಳಿದೆ, ಆ ಮೇಷ್ಟ್ರು ತೀರಿಕೊಂಡರು ಅಂತಲೂ ಹೇಳಿದೆ. ಅಕ್ಕ ಒಲೆಯ ಉರಿ ತಗ್ಗಿಸಿ ಬಂದು ನನ್ನ ಎದುರಿಗೆ ಕೂತಳು.

"ಅದಕ್ಕ ಬರ್ಲಿಲ್ಲ ಅನ್ರಿ ನಾಕ್ ಶನಿವಾರದಿಂದ."

"ಬರ್ತಿದ್ರೇನಕ್ಕ?"

"ಬರ್ತಿದ್ರು. ರಿಟೈರ್ ಆದ ಮ್ಯಾಲ ತಪ್ಪದ ಬರ್ತಿದ್ರು. ಆ ಮೂಲಿ ಮೇಜು. ಬ್ಯಾಗು ತೊಡಿ ಮ್ಯಾಲ ಇಟ್ಕೊಂತಿದ್ರು, ಎದುರಿನ ಕುರ್ಚಿ ಖಾಲಿ. ಬಾಗಿಲಾಗ ಯಾರರ ಬಂದು ನಿಂತ್ರ ಅವ್ರನ್ನ ನೋಡ್ತಿದ್ರು, ಏನೋ ಅನ್ನಾಕ ಬಾಯಿ ತೆರೀತಿದ್ರು. ಅಷ್ಟ್ರಾಗ ಅವ್ರು ಬ್ಯಾರೆ ಕಡಿ ಕುಂತುಬಿಡ್ತಿದ್ರು. ಒಂದ ರೊಟ್ಟಿ ತಿಂದು ಹೋಗ್ತಿದ್ರು. ಒಮ್ಮೆ ನಾನ ಹೋಗಿ ಕುಂತೆ. ಬ್ಯಾಡಕ್ಕ, ನಾನ ಕರೀಬೇಕು, ನೀ ಬಂದ್ರ ಲೆಕ್ಕಕ್ಕ ಬರೂದಿಲ್ಲ ಅಂದ್ರು. ಏನ್ ಲೆಕ್ಕನೋ."

ಅಕ್ಕ ಮುಂದುವರಿಸಿದಳು.

"ಒಂದ್ ಸಲ ಕರೆದ್ರು ನೋಡ್ರಿ. ಯುಗಾದಿ ಮುಗಿದ ಮ್ಯಾಲ. ಕುಡತಿನಿ ಪವರ್ ಸ್ಟೇಷನ್ನಿನ್ಯಾಗ ಕೆಲಸ ಮಾಡೋ ಬಿಹಾರದ ಕಡಿ ಆಳು, ತಾಟು ಹಿಡ್ಕೊಂಡು ಜಾಗ ಇಲ್ಲದ ನಿಂತಿದ್ದ. ಇವ್ರು ಎದ್ದು ನಿಂತು, ಆಯಿಯೇ, ಬೈಠಿಯೇ ಅಂದ್ರು. ದನಿ ನಡುಗ್ತಿತ್ತು. ಅವನ ಹಿಂದಿ ಇವ್ರಿಗೆ ತಿಳೀಲಿಲ್ಲ, ಇವ್ರದು ಅವನಿಗೆ ತಿಳೀಲಿಲ್ಲ. ಆದ್ರೂ ಇಬ್ರೂ ಏನೇನೋ ಮಾತಾಡಿದ್ರು. ಅವ ತನ್ನ ಮಗಳ ಫೋಟೋ ತೋರ್ಸಿದ. ಅವ ಹೋದ ಮ್ಯಾಲ ಇವ್ರು ಯಾರಿಗೋ ಫೋನ್ ಹಚ್ಚಿದ್ರು. ಆ ಕಡಿ ಎತ್ಲಿಲ್ಲ. ಹಂಗ ಕಿಸೆದಾಗ ಇಟ್ಕೊಂಡು ನನ್ನ ಹತ್ರ ಬಂದು, ಪಾಸಾದೆನಕ್ಕ ಅಂದ್ರು. ಈ ವಯಸ್ಸಿನ್ಯಾಗ ಇವ್ರಿಗೇನು ಪರೀಕ್ಷಿ ಅಂತ ನಾನು ಕೇಳಾಕ ಹೋಗ್ಲಿಲ್ರಿ."

ಮಜ್ಜಿಗೆ ಕುಡಿದು ಎದ್ದೆ. ಅಕ್ಕ ದುಡ್ಡು ತೆಗೆದುಕೊಳ್ಳಲಿಲ್ಲ.

ಬಸ್ಸಿನಲ್ಲಿ ಬರುತ್ತಲೇ ಹುಡುಗಿಗೆ ಫೋನು ಹಚ್ಚಿದೆ. ನಮ್ಮಲ್ಲಿ ಸಂಜೆ ನಾಲ್ಕೂವರೆ ಆಗಿತ್ತು, ಅವಳಿಗೆ ಮಧ್ಯಾಹ್ನದ ಊಟದ ಹೊತ್ತು. ಹಿಂದೆ ತಾಟು ಚಮಚಗಳ ಸದ್ದು ಕೇಳುತ್ತಿತ್ತು. ಅಕ್ಕ ಹೇಳಿದ್ದನ್ನು ಹೇಳಿದೆ. 

"ಆ ಮಿಸ್ಡ್ ಕಾಲ್ ನೋಡಿದ್ದೆ ಮೇಡಂ," ಅಂದಳು ಆಮೇಲೆ. "ಲ್ಯಾಬಿನ್ಯಾಗ ಇದ್ದೆ. ತಿರುಗಿ ಮಾಡಿದ್ರ, ಏನಿಲ್ಲವ್ವ, ಕೈ ತಪ್ಪಿ ಹತ್ತಿತ್ತು ಅಂದ್ರು."

ಬಸ್ಸು ಕೋಳೂರು ದಾಟುತ್ತಿತ್ತು. ಹೊಲಗಳಲ್ಲಿ ಮೆಣಸಿನ ಗಿಡ ಕಿತ್ತ ನೆಲ ಕೆಂಪಗೆ ಬರಿದಾಗಿತ್ತು.

"ಅವತ್ತು ಎಷ್ಟು ರೊಟ್ಟಿ ಉಂಡ್ರಂತ್ರಿ ಮೇಡಂ?"

ಅದನ್ನು ನಾನು ಅಕ್ಕನಿಗೆ ಕೇಳಿಯೇ ಬಂದಿದ್ದೆ.

"ಮೂರು ಉಂಡ್ರಂತವ್ವ."

ಅವಳು ಮೂಗು ಎಳೆದುಕೊಂಡ ಸದ್ದು ಕೇಳಿತು. ಅಷ್ಟರಲ್ಲಿ ಆ ಕಡೆ ಯಾರೋ ಬಂದು ಏನೋ ಕೇಳಿದರು. ಹುಡುಗಿ ಗಂಟಲು ಸರಿಮಾಡಿಕೊಂಡು ಆ ದೇಶದ ಭಾಷೆಯಲ್ಲಿ ಒಂದು ಮಾತು ಹೇಳಿದಳು. ನನಗೆ ತಿಳಿಯಲಿಲ್ಲ. ಆದರೆ ಅದರ ಹಿಂದೆಯೇ ಕುರ್ಚಿ ಎಳೆದ ಸದ್ದು ಕೇಳಿತು. ಕುಂದರ್ರಿ ಅಂದಿರಬೇಕು.